ಏಲಕ್ಕಿ ಗೂಡಿನ ಹಿಂದಿನ ಹಗ್ಗ

ಹೆತ್ತೂರು
೧೯ ಆಗಸ್ಟ್ ೨೦೦೩

ಪ್ರೀತಿಯ ದೀಪಶ್ರೀ,

ಬೈಯಬೇಕೆನಿಸಿದರೆ ಪೂರ್ತಿ ಓದಿ ಆಮೇಲೆ ಬೈಯಿ. ನೀನು ಪಾಳ್ಯದ ಸಂಘದವರ ಜೊತೆ ಹೊಲಿದು ಕಳಿಸಿದ ಮುಟ್ಟಿನ ಬಟ್ಟೆ ಪ್ಯಾಡುಗಳನ್ನು ನಮ್ಮ ಎಸ್ಟೇಟಿನ ಲೈನ್ ಮನೆಗಳ ಕೂಲಿ ಹೆಂಗಸರಿಗೆ ಹಂಚಿದ್ದು ನಿಜ. ಆದರೆ ಎಲ್ಲರೂ ಮೆಚ್ಚಿದ್ದಾರೆ ಅಂತ ಜುಲೈನಲ್ಲಿ ಬರೆದೆನಲ್ಲ, ಅದು ಶುದ್ಧ ಸುಳ್ಳು. ಒಬ್ಬಳೂ ತುಟಿ ಬಿಚ್ಚಿರಲಿಲ್ಲ. ಕೂಲಿ ಲೆಕ್ಕ ಬರೆಯುವ ರೈಟರ್ ಹೆಂಡತಿ ಕೊಟ್ಟಿದ್ದನ್ನು ಬೇಡ ಅನ್ನಲಾರದೆ ಇಸಕೊಂಡಿದ್ದರು, ಅಷ್ಟೇ. ನಿನಗೆ ಬೇಜಾರಾಗಬಾರದು ಅಂತ ಹಾಗೆ ಬರೆದುಬಿಟ್ಟೆ.

ಅದನ್ನು ನಂಬಿ ಇನ್ನೂ ನೂರಕ್ಕೆ ಬಟ್ಟೆ ಕತ್ತರಿಸಿದ್ದೀವಿ ಅಂತ ನಿನ್ನ ಕಾಗದ ಬಂತು. ನಿಮ್ಮ ಸಂಘದ ಏಳು ಜನ ಹೆಂಗಸರ ದುಡಿಮೆ ನನ್ನಿಂದ ಮಣ್ಣುಪಾಲಾಯಿತು ಅಂತ ಹೆದರಿದೆ. ಲೈನಿನ ಸೂರಿನಡಿ ಕಟ್ಟಿದ ಹಗ್ಗಗಳನ್ನೆಲ್ಲ ಕಣ್ಣಲ್ಲೇ ಜಾಲಾಡಿದೆ. ಸೀರೆ, ಲಂಗ, ಕಂಬಳಿ ಎಲ್ಲ ಇದ್ದವು, ನಿನ್ನ ಹೂವಿನ ಬಟ್ಟೆಯ ಪ್ಯಾಡು ಮಾತ್ರ ಒಂದೂ ಇಲ್ಲ. ಒಲೆಗೆ ಹಾಕಿದ್ದಾರೆ ಅಂತಲೇ ತೀರ್ಮಾನಿಸಿದೆ.

ಮೊನ್ನೆ ಮನಸ್ಸು ಗಟ್ಟಿ ಮಾಡಿಕೊಂಡು ಮುನಿಯಮ್ಮನನ್ನು ಕೇಳಿದೆ. ಹಸಿ ಏಲಕ್ಕಿ ಒಣಗಿಸುವ ಗೂಡಿಗೆ ಬೆಂಕಿ ಹಾಕುವವಳು ಅವಳೇ. ಕೈ ಹಿಡಿದು ಗೂಡಿನ ಹಿಂದಕ್ಕೆ ಕರೆದೊಯ್ದಳು. ಬಿಸಿ ಗೋಡೆಯ ಹೊರಮೈಗೆ ಒಂದು ಹಗ್ಗ, ಅದರ ಮೇಲೆ ಸಾಲಾಗಿ ನೀನು ಹೊಲಿದವೇ. ಮಳೇಲಿ ಅರೆಹಸಿ ಬಟ್ಟೆ ಕಟ್ಕಂಡು ತೊಡೆಯೆಲ್ಲ ಸುಲ್ದೋಗೋದು, ಈಗ ಆ ಕಾಟ ತಪ್ಪೈತೆ ಕಣವ್ವ ಅಂದಳು. ಮತ್ತೆ ನನಗೇಕೆ ಹೇಳಲಿಲ್ಲ ಅಂತ ಕೇಳಿದರೆ, ನಿಮ್ ಯಜಮಾನ್ರು ರೈಟರು, ಎಸ್ಟೇಟ್ ಬೆಂಕೀಲಿ ಇದ್ನ ಒಣಗಿಸ್ತೀವಿ ಅಂತ ಗೊತ್ತಾದ್ರೆ ಸುಮ್ನೆ ಬುಟ್ಟಾರಾ ಅಂದಳು.

ಅಲ್ಲೇ ಸೌದೆ ರಾಶಿಯ ಮೇಲೆ ಕೂತು ಅತ್ತೆ ಕಣೇ. ಇಷ್ಟು ದಿನದ ಭಾರ ಇಳಿದು ಜೀವ ಹಗುರವಾಯಿತು. ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ದೂರುಗಳೂ ಇವೆ. ಗುಂಡಿ ಒತ್ತುತ್ತದಂತೆ, ಲಾಡಿ ಹಾಕು. ತಿಳಿ ಬಣ್ಣ ಬೇಡವೇ ಬೇಡವಂತೆ, ಅದನ್ನೇ ಕತ್ತರಿಸಿದ್ದರೆ ಕಡುನೀಲಿ ಬಣ್ಣದಲ್ಲಿ ಅದ್ದಿಬಿಡಿ. ಪಕ್ಕದ ಎಸ್ಟೇಟಿನಲ್ಲಿ ಹದಿನಾರು ಜನ ಕಾಯುತ್ತಿದ್ದಾರೆ. ನೂರನ್ನೂ ಧೈರ್ಯವಾಗಿ ಹೊಲಿಯಿರಿ.

ನಿನ್ನ ಹಳೇ ಬೆಂಚಿನ ಗೆಳತಿ,
ವಾಣಿ

ತಾ.ಕ.: ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನಗೆಂದೇ ನೀನು ಹೊಲಿದ ನಾಲ್ಕನ್ನು ನಾನು ಬಿಚ್ಚಿಯೂ ನೋಡಿರಲಿಲ್ಲ. ಅಂಗಡಿ ಪ್ಯಾಡು ಮಣ್ಣಲ್ಲಿ ಕರಗುವುದಿಲ್ಲ ಅಂತ ಲೈನಿನವರಿಗೆ ಭಾಷಣ ಮಾಡಿ, ಸಕಲೇಶಪುರದಿಂದ ಅದನ್ನೇ ತರಿಸಿಕೊಂಡು, ಬಳಸಿ ತೋಟದ ಗುಂಡಿಗೆ ಹಾಕುತ್ತಿದ್ದೆ. ಹೇಳೋದು ಆಚಾರ, ಮಾಡೋದು ಅನಾಚಾರ. ನಿನ್ನೆ ನನ್ನವನ್ನೂ ಬಳಸಿ ಒಗೆದು ಗೂಡಿನ ಹಿಂದಕ್ಕೆ ಒಯ್ದೆ. ಮುನಿಯಮ್ಮ ತನ್ನವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು.