ಆ ಆಟ ನಾನೇ ಬರೆದದ್ದು

ಹರಪನಹಳ್ಳಿ, ಗುರುವಾರ

ಪುಷ್ಪಲತಾ ಮೇಡಂ ಅವರಿಗೆ,

ನಿನ್ನೆ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಪೈಥಾನ್ ಭಾಷೆಯಲ್ಲಿ ಬರೆದ ಆಟ ಸರಿಯಾಗಿ ನಡೆಯಿತು. "ಯಾರ ಕಡೆ ಬರೆಸ್ಕೊಂಡು ಬಂದೀ?" ಎಂದು ಎಲ್ಲರೆದುರು ಕೇಳಿ ಸೊನ್ನೆ ಹಾಕಿದಿರಿ.

ಯಾರೂ ಬರೆದುಕೊಟ್ಟಿಲ್ಲ. ಮೊದಲು ಮೇಲಿನ ಬಾಣದ ಕೀಲಿ ಒತ್ತಿದರೆ ಪರದೆಯ ಆಟಗಾರ ಎಡಕ್ಕೆ ಸರಿಯುತ್ತಿದ್ದ. ಮೂರು ದಿನ ಕಾರಣ ಹೊಳೆಯಲಿಲ್ಲ. ಕೊನೆಗೆ ಅಂಗಳದಲ್ಲಿ ಚೌಕಗಳನ್ನು ಬರೆದು, ಅವ್ವನನ್ನು ನಿಲ್ಲಿಸಿ, ನನ್ನ ಕೋಡ್ ಹೇಳಿದಂತೆಯೇ ನಡೆಸಿದೆ. "ಮ್ಯಾಲಕ್ಕ ಅಂತೀ, ಎಡಕ್ಕ ಯಾಕ ನಡಸ್ತೀ?" ಎಂದು ಅವ್ವ ರೇಗಿದಳು. ಆಗ ಗೊತ್ತಾಯಿತು, ಅಡ್ಡಸಾಲು ಕಂಬಸಾಲುಗಳನ್ನು ನಾನು ಅದಲುಬದಲು ಮಾಡಿದ್ದೆ.

ತಪ್ಪಿದ್ದ ಹಳೆಯ ಪ್ರತಿಯನ್ನು ನಾಳೆ ತರುತ್ತೇನೆ, ಅದನ್ನೇ ಪರದೆಗೆ ಹಾಕಿ. ನನ್ನ ತಪ್ಪನ್ನು ಎಲ್ಲರೆದುರು ತಿದ್ದುತ್ತೇನೆ. ಆಮೇಲೆ ನಿಮ್ಮ ಸೊನ್ನೆಯನ್ನು ನೀವೂ ಎಲ್ಲರೆದುರೇ ತಿದ್ದಿ. ಅವ್ವ ಬರುತ್ತಾಳೆ. ಅವಳಿಗೊಂದು ಕುರ್ಚಿ ಹಾಕಿಸಿ.

ಇಂತಿ,
ಕ್ರಾಂತಿ ಕನಕಮ್ಮ
ಬಿ.ಸಿ.ಎ. ಮೊದಲ ವರ್ಷ