ಮೂರು ದಿನ, ಐದು ಊರು, ನಿರಾಳ

ಹಿರೊಸಾಕಿ
ಜುಲೈ 12

ಮೊರಿತಾನಿ ಯಾಸುಹಿಕೊ ಅವರಿಗೆ,

ಮಳೆ ಹಿಂದೆ ಸರಿಯುತ್ತಿದೆ, ಸೆಕೆ ಏರುತ್ತಿದೆ, ತಮ್ಮ ಆರೋಗ್ಯ ಹೇಗಿದೆ ಎಂದು ಶುರುಮಾಡುವುದು ಮರ್ಯಾದಸ್ಥರ ಪದ್ಧತಿ. ಈ ಸಲ ಅದನ್ನು ಬಿಟ್ಟಿದ್ದೇನೆ. ನಿಮ್ಮ ಆರೋಗ್ಯಕ್ಕೆ ಏನೂ ಆಗಿರಲಾರದು. ಗಡಿಯಾರ ನೋಡಿ ಉಂಡು, ಗಡಿಯಾರ ನೋಡಿ ಮಲಗುವವರ ಹತ್ತಿರ ಬರಲು ಕಾಯಿಲೆಗೂ ಭಯವಿರುತ್ತದೆ.

ನಿಮ್ಮ ಕಾಗದ ತಲುಪಿತು. ಅದಕ್ಕೆ ಪಿನ್ನು ಹಾಕಿದ್ದ ನಾಲ್ಕು ಪುಟದ ಯೋಜನೆಯೂ ತಲುಪಿತು. ಕಾಗದ ಆರು ಸಾಲು, ಯೋಜನೆ ನಾಲ್ಕು ಪುಟ. ಹದಿಮೂರು ವರ್ಷದ ಮೇಲೆ, ಒಂದು ಕಾಲಕ್ಕೆ ಹೆಂಡತಿಯಾಗಿದ್ದವಳಿಗೆ ಬರೆಯುವಾಗಲೂ ನಿಮ್ಮ ಅಳತೆ ತಪ್ಪಲಿಲ್ಲ.

ಮೊರಿಯೊಕಾ, ಅಕಿತಾ, ಹಿರೊಸಾಕಿ, ಅಓಮೊರಿ, ಹಕೊದಾತೆ. ಆಗಸ್ಟ್ ಮೂರರಿಂದ ಐದರವರೆಗೆ, ಮೂರು ದಿನಕ್ಕೆ ಐದು ಊರು. ಮೇಲೆ ‘ಉತ್ತರದ ಊರುಗಳಲ್ಲಿ ಬೇಸಿಗೆಯ ನಿರಾಳ ಪ್ರವಾಸ’ ಎಂದು ತಲೆಬರಹ, ಅದರ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಮೊರಿಯೊಕಾದಲ್ಲಿ ತಣ್ಣನೆ ನೂಡಲ್ಸ್ ತಿನ್ನಲು ಇಪ್ಪತ್ತೈದು ನಿಮಿಷ. ಆಮೇಲೆ ನದಿ ದಂಡೆಯಲ್ಲಿ ‘ಗುರಿಯಿಲ್ಲದೆ ಅಡ್ಡಾಡುವುದು’, 12.20ರಿಂದ 12.42. ಇಪ್ಪತ್ತೆರಡು ನಿಮಿಷ ಗುರಿಯಿಲ್ಲದೆ ಅಡ್ಡಾಡಿ, ಇಪ್ಪತ್ತಮೂರನೆಯ ನಿಮಿಷಕ್ಕೆ ಸರಿಯಾಗಿ ಗುರಿ ನೆನಪಾಗುವ ಮನುಷ್ಯ ನನಗೆ ಗೊತ್ತಿರುವಂತೆ ನೀವೊಬ್ಬರೇ. ಹಕೊದಾತೆಯ ಬೆಟ್ಟದ ಮೇಲೆ ನಿಂತು ಎರಡೂ ಬದಿಯ ಕಡಲು ನೋಡಲು ಹದಿನೆಂಟು ನಿಮಿಷ. ಬದಿಗೆ ಒಂಬತ್ತು ಅಂತಲೇ ಲೆಕ್ಕ ಹಾಕಿರುತ್ತೀರಿ.

ನಾನು ಕೆಲಸ ಮಾಡುವ ಊಟದ ಡಬ್ಬಿಯ ಅಂಗಡಿ ನಿಮಗೆ ಗೊತ್ತಿಲ್ಲ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದೆ. ಯಜಮಾನಿ ಕುದೊ ಫುಮಿಗೆ ಎಪ್ಪತ್ತೆಂಟು ವಯಸ್ಸು, ಬಾಯಿಗೆ ಬೀಗವಿಲ್ಲ. ಮಧ್ಯಾಹ್ನದ ಡಬ್ಬಿಗಳೆಲ್ಲ ಖರ್ಚಾದ ಮೇಲೆ ನಿಮ್ಮ ಯೋಜನೆಯನ್ನು ಅವರಿಗೆ ಓದಿ ಹೇಳಿದೆ. ಒಬ್ಬಳೇ ನಕ್ಕರೆ ಸಾಲದು ಅನ್ನಿಸಿತು.

“ಇದೇನೇ ಸುಮಿಯೆ, ಊರು ನೋಡೋಕೆ ಬರ್ತಾನೋ, ಊರುಗಳ ಹಾಜರಿ ತಗೊಳ್ಳೋಕೆ ಬರ್ತಾನೋ?” ಎಂದರು.

“ಅವರು ಇರೋದೇ ಹಾಗೆ ಫುಮಿಯಮ್ಮ. ಮೂವತ್ತೈದು ವರ್ಷ ರೈಲಿನ ವೇಳಾಪಟ್ಟಿ ಬರೆದವರು.”

“ಉಚ್ಚೆ ಹೊಯ್ಯೋಕಾದ್ರೂ ಟೈಮ್ ಇಟ್ಟಿದಾನಾ ನೋಡು.”

ನೋಡಿದೆ. ಇಟ್ಟಿದ್ದೀರಿ. ಮೊದಲ ದಿನ 13.05ಕ್ಕೆ, ಐದು ನಿಮಿಷ. ಮುದುಕಿ ನಗುತ್ತಾ ನಗುತ್ತಾ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಿಮ್ಮ ಆರು ಸಾಲಿನಲ್ಲಿ ಐದನೆಯದು ಹೀಗಿದೆ: ‘ಅರ್ಧಕ್ಕೆ ನಿಂತ ಪ್ರವಾಸವಾದ್ದರಿಂದ ನೀನು ಅಕಿತಾ ಸ್ಟೇಷನ್ನಿನಲ್ಲಿ ಸೇರಿಕೊಳ್ಳುವುದು ಸೂಕ್ತ.’ ಸೂಕ್ತ ಎಂಬ ಪದವನ್ನು ನೀವು ಇಲ್ಲಿ ಬಳಸಿದ್ದು ನೋಡಿ ಬೆರಗಾದೆ. ಕೆಟ್ಟುಹೋದ ಕೊಂಡಿಯನ್ನು ಎಲ್ಲಿ ಕಳಚಿತೋ ಅಲ್ಲೇ ಸಿಕ್ಕಿಸಿ ಗಾಡಿ ಹೊರಡಿಸುವ ಯೋಚನೆ. ನಾನು ರೈಲು ಡಬ್ಬಿಯಲ್ಲ.

ಹದಿಮೂರು ವರ್ಷದ ಹಿಂದೆ ಅಕಿತಾ ಸ್ಟೇಷನ್ನಿನಲ್ಲಿ ಆದದ್ದು ನನಗೆ ನೆನಪಿರುವಷ್ಟು ಬರೆಯುತ್ತೇನೆ. ಅದು ಆ ಪ್ರವಾಸದ ಮೂರನೆಯ ದಿನ. ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲ ಅಂಟಿಕೊಂಡಿತ್ತು. ಸ್ವಲ್ಪ ಕೂರೋಣ ಎಂದೆ. “ಕೂರೋದು ರೈಲಲ್ಲೇ ಇದೆಯಲ್ಲ” ಎಂದು ನೀವು ಎರಡೂ ಚೀಲ ಎತ್ತಿಕೊಂಡು ಮುಂದೆ ನಡೆದಿರಿ. ನೀರು ತರುತ್ತೇನೆಂದು ನಾನು ಹಿಂದೆ ಉಳಿದೆ. ರೈಲು ಬಂತು, ನೀವು ಹತ್ತಿದಿರಿ, ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ನಿಮ್ಮ ಮುಖ ಕಾಣಿಸಿತು. ಆ ಮುಖ ಹಾಗೇ ಸರಿದು ಹೋಯಿತು. ಮಾರನೆಯ ದಿನ ಫೋನು ಮಾಡಿ, ಇನ್ನು ಮನೆಗೆ ಬರುವುದಿಲ್ಲ ಎಂದೆ. “ಯೋಚನೆ ಮಾಡಿ ಹೇಳ್ತಿದೀಯಾ?” ಎಂದಿರಿ. ಹೌದು ಎಂದೆ. ಇಪ್ಪತ್ತೊಂಬತ್ತು ವರ್ಷದ ಸಂಸಾರ ಒಂದು ನಿಮಿಷದೊಳಗೆ ಮುಗಿಯಿತು. ಅದರಲ್ಲೂ ನೀವು ಸಮಯ ಉಳಿಸಿದಿರಿ.

ಹೆಂಡತಿಯನ್ನು ಪ್ಲಾಟ್‌ಫಾರಂ ಮೇಲೆ ಬಿಟ್ಟುಹೋದ ಗಂಡ. ಹದಿಮೂರು ವರ್ಷದಿಂದ ಈ ಕಥೆಯನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ನಮ್ಮ ಮಗಳು ಮಿಹೊಗೂ ಇದನ್ನೇ ಹೇಳಿದೆ. ಅವಳು ತನ್ನ ಮದುವೆಗೆ ನಿಮ್ಮನ್ನು ಕರೆಯಲಿಲ್ಲ. ತನಗೆ ಮಗಳು ಹುಟ್ಟಿದಾಗಲೂ ತಿಳಿಸಲಿಲ್ಲ. ಆ ಕೂಸಿಗೆ ಈಗ ನಾಲ್ಕು ವರ್ಷ, ನಿಮ್ಮ ಹಾಗೇ ಚಪ್ಪಟೆ ಕಿವಿ.

ಮೊನ್ನೆ ನಕ್ಕು ಸುಧಾರಿಸಿಕೊಂಡ ಫುಮಿಯಮ್ಮ ಕಣ್ಣೊರೆಸಿಕೊಂಡು ಕೇಳಿದರು:

“ಸರಿ, ರೈಲು ಹೊರಟುಹೋಯ್ತು. ಆಮೇಲೆ?”

“ಆಮೇಲೇನು? ಹೊರಟುಹೋಯ್ತು.”

“ಯಾವಾಗ್ಲೂ ಅಲ್ಲಿಗೇ ನಿಲ್ಲಿಸ್ತೀಯಲ್ಲೇ. ಅವನು ಅಷ್ಟು ಕಟ್ಟುನಿಟ್ಟಿನ ಮನುಷ್ಯ. ಹೊರಟಾಗ ಎರಡು ಟಿಕೆಟ್ಟು, ತಲುಪಿದಾಗ ಒಬ್ಬನೇ. ಅಂಥೋನಿಗೆ ಅದು ತಡೆಯುತ್ತಾ? ಮುಂದಿನ ಸ್ಟೇಷನ್ನಲ್ಲಿ ಇಳೀಲಿಲ್ವಾ?”

ಪಾತ್ರೆ ತೊಳೆಯುವುದಿದೆ ಎಂದು ಎದ್ದುಹೋದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಇಳಿದಿರಿ. ಅದು ನಿಮಗೆ ಗೊತ್ತು. ನನಗೂ ಗೊತ್ತು ಎಂಬುದು ಮಾತ್ರ ನಿಮಗೆ ಗೊತ್ತಿಲ್ಲ.

ನಾನು ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿದ್ದ ನೂಡಲ್ಸ್ ಅಂಗಡಿಯ ಒಳಗೆ ಕೂತಿದ್ದೆ. ಶೂ ಬಿಚ್ಚಿ, ಕಾಲನ್ನು ತಣ್ಣನೆಯ ಸಿಮೆಂಟಿನ ಮೇಲಿಟ್ಟು, ಸುಮ್ಮನೆ. ಯಾರೂ ಏಳು ಎನ್ನಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷ ಕಳೆದ ಮೇಲೆ ದಕ್ಷಿಣಕ್ಕೆ ಹೋಗುವ ಗಾಡಿಯಿಂದ ನೀವು ಇಳಿದಿರಿ. ಎರಡೂ ಚೀಲ ಕೈಯಲ್ಲಿದ್ದವು. ಪ್ಲಾಟ್‌ಫಾರಂ ಉದ್ದಕ್ಕೂ ಎರಡು ಸಲ ನಡೆದಿರಿ. ಆಮೇಲೆ ಟೋಪಿ ತೆಗೆದು ಅಲ್ಲಿನ ಸಿಬ್ಬಂದಿಯೊಬ್ಬನನ್ನು ಕೇಳಿದಿರಿ. ನನಗೂ ನಿಮಗೂ ನಡುವೆ ಒಂದು ಬಟ್ಟೆಯ ಪರದೆ ಮಾತ್ರ ಇತ್ತು. ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸಿತು.

“ಕುಳ್ಳಗಿದಾಳೆ. ನೀಲಿ ಹ್ಯಾಟು. ಎಡಗಾಲು ನೋಯ್ತಿದೆ ಅವಳಿಗೆ, ಬೇಗ ನಡೆಯೋಕೆ ಆಗಲ್ಲ, ದೂರ ಹೋಗಿರೋದಿಲ್ಲ.”

ಎಡಗಾಲು ಎಂದಿರಿ. ಯಾವ ಕಾಲು ಎಂದು ನಾನು ನಿಮಗೆ ಹೇಳಿರಲಿಲ್ಲ. ಅಂದರೆ ಬೆಳಿಗ್ಗೆಯಿಂದ ನೋಡಿದ್ದಿರಿ. ನೋಡಿಯೂ ನಡೆಸಿದ್ದಿರಿ. ನೀವು ಗಮನಿಸಿಲ್ಲ ಎಂದುಕೊಂಡಿದ್ದಾಗ ನನಗೆ ಬರೀ ಬೇಜಾರಿತ್ತು. ಗಮನಿಸಿದ್ದಿರಿ ಎಂದು ತಿಳಿದಾಗ, ಬಿಚ್ಚಿಟ್ಟ ಶೂಗಳನ್ನು ಕುರ್ಚಿಯ ಕೆಳಗೆ ಇನ್ನೂ ಒಳಕ್ಕೆ ತಳ್ಳಿದೆ. ಎದ್ದು ಪರದೆ ಸರಿಸಿದ್ದರೆ ಸಾಕಿತ್ತು. ನಾನು ಏಳಲಿಲ್ಲ. ಬಟ್ಟಲಿನಲ್ಲಿ ಉಳಿದಿದ್ದ ಸಾರನ್ನು ಕುಡಿದು ಮುಗಿಸಿದೆ. ನೀವು ಇನ್ನೂ ಎರಡು ಗಾಡಿ ಹೋಗುವವರೆಗೂ ಬೆಂಚಿನ ಮೇಲೆ ಕೂತಿದ್ದಿರಿ. ನಿಮ್ಮ ಜೀವನದಲ್ಲಿ ನೀವು ರೈಲನ್ನು ಹಾಗೇ ಹೋಗಲು ಬಿಟ್ಟಿದ್ದನ್ನು ನಾನು ಕಂಡಿದ್ದು ಅವತ್ತೇ, ಅದೂ ಪರದೆಯ ಸಂದಿಯಿಂದ.

ಇದಕ್ಕೆ ಕ್ಷಮೆ ಕೇಳುತ್ತಿಲ್ಲ. ನಿಮ್ಮ ಜೊತೆ ಬಾಳಲಾರೆ ಎಂದು ಆ ಅಂಗಡಿಯಲ್ಲಿ ಕೂತಾಗ ನನಗೆ ತಿಳಿಯಿತು, ಅದು ಇವತ್ತಿಗೂ ನಿಜ. ಆದರೆ ಅಷ್ಟು ನಿಜವನ್ನು ನೆಟ್ಟಗೆ ಹೇಳುವ ಧೈರ್ಯ ನನಗಿರಲಿಲ್ಲ. ಬಿಟ್ಟುಬಂದವಳಿಗಿಂತ ಬಿಟ್ಟುಹೋಗಲ್ಪಟ್ಟವಳಿಗೆ ಜನ ಬೇಗ ಕುರ್ಚಿ ಕೊಡುತ್ತಾರೆ. ಆ ಕುರ್ಚಿಯಲ್ಲಿ ಹದಿಮೂರು ವರ್ಷ ಕೂತೆ. ನಿಮ್ಮನ್ನು ತುಚ್ಛವಾಗಿ ಕಾಣುವುದು ಸುಲಭ, ನಿಮ್ಮ ನಾಲ್ಕು ಪುಟವೇ ಸಾಕು. ನನ್ನನ್ನು ಹಾಗೆ ಕಾಣಲು ನನಗೆ ಇಷ್ಟು ವರ್ಷ ಬೇಕಾಯಿತು.

ನೀವಾದರೂ ಏನು ಮಾಡಿದಿರಿ? ವಾಪಸು ಬಂದಿದ್ದೆ, ಹುಡುಕಿದ್ದೆ ಎಂದು ಮಗಳಿಗೆ ಒಂದು ಮಾತು ಹೇಳಲಿಲ್ಲ. ಅವಳು ಫೋನು ಎತ್ತುವುದನ್ನು ನಿಲ್ಲಿಸಿದಾಗ ನೀವೂ ಮಾಡುವುದನ್ನು ನಿಲ್ಲಿಸಿದಿರಿ. ಅದು ದೊಡ್ಡತನ ಎಂದುಕೊಂಡಿದ್ದರೆ ತಪ್ಪು. ಅದು ಬರೀ ಸೋಮಾರಿತನ.

ಯೋಜನೆಯನ್ನು ತಿದ್ದಿದ್ದೇನೆ. ಅಕಿತಾ ಇಲ್ಲ. ಅಲ್ಲಿಗೆ ನಾನು ಬರುವುದಿಲ್ಲ. ಮೊರಿಯೊಕಾ, ಅಓಮೊರಿ, ಹಕೊದಾತೆಗಳಿಗೆ ನೀವು ಒಬ್ಬರೇ ಹೋಗಿ, ಯಾರೂ ತಡೆಯುವುದಿಲ್ಲ. ಹಿರೊಸಾಕಿಗೆ ಬರುವುದಾದರೆ ಎರಡು ದಿನ ಉಳಿಯುವ ಹಾಗೆ ಬನ್ನಿ, ಎಷ್ಟು ಗಂಟೆಗೆ ಎಂದು ಬರೆಯಬೇಡಿ. ನಾನು ಅಂಗಡಿಯಲ್ಲಿರುತ್ತೇನೆ. ಹಬ್ಬದ ಬೀಸಣಿಗೆಯಾಕಾರದ ಬಣ್ಣದ ತೇರುಗಳು ಸಂಜೆ ನಮ್ಮ ಬೀದಿಯ ಪಕ್ಕದಲ್ಲೇ ಹೋಗುತ್ತವೆ. ಅವು ಎಂದೂ ಸಮಯಕ್ಕೆ ಬರುವುದಿಲ್ಲ, ರಸ್ತೆ ಬದಿಯಲ್ಲಿ ಚಾಪೆ ಹಾಕಿಕೊಂಡು ಕಾಯಬೇಕು. ಹೆಂಡತಿಯಾಗಿ ಪಕ್ಕದಲ್ಲಿ ಕೂರುವುದಿಲ್ಲ. ಪರಿಚಯದವಳಾಗಿ ಕೂರಬಹುದು. ಫುಮಿಯಮ್ಮ ನಿಮ್ಮನ್ನು ಮುಖದ ಮೇಲೇ ಆಡಿಕೊಳ್ಳುತ್ತಾರೆ, ಸಹಿಸಿಕೊಳ್ಳಿ.

ಒಕಾಬೆ ಸುಮಿಯೆ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ಕಳೆದ ಭಾನುವಾರ ಮಿಹೊಗೆ ಫೋನು ಮಾಡಿ ನೂಡಲ್ಸ್ ಅಂಗಡಿಯ ಸಂಗತಿ ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಕೊನೆಗೆ “ಅಮ್ಮ, ಸ್ವಲ್ಪ ದಿನ ನನಗೆ ಫೋನ್ ಮಾಡಬೇಡ” ಎಂದು ಇಟ್ಟುಬಿಟ್ಟಳು. ಅವಳು ನಿಮಗೆ ಮಾಡಬಹುದು. ಊಟದ ಹೊತ್ತಾಗಿದ್ದರೂ ಎತ್ತಿ. ಕೂಸಿನ ಹೆಸರು ಕೊಹಾರು.