ಊಟದ ಮುಂದೆ, ಊಟದ ಹಿಂದೆ

ಬಾಗಲೂರು, ಹೊಸೂರು ತಾಲ್ಲೂಕು,
10 ಸೆಪ್ಟೆಂಬರ್ 2025, ಬುಧವಾರ

ಪ್ರೀತಿಯ ಮಗ ಹರಿಗೆ,

ನಿನ್ನ ಅಮ್ಮ ನಾಗವೇಣಿ ಮಾಡುವ ಆಶೀರ್ವಾದಗಳು. ಹೇಗಿದ್ದೀಯಪ್ಪಾ? ಉತ್ತರದ ಕಡೆಯ ಆ ರುದ್ರಪುರದಲ್ಲಿ ಮಳೆ ನಿಂತಿತೇ? ಕ್ಯಾಂಟೀನಿನಲ್ಲಿ ಮೂರು ಹೊತ್ತೂ ರೊಟ್ಟಿಯೇ ಹಾಕುತ್ತಾರೆ ಎಂದಿದ್ದೆ. ಕಳಿಸಿದ ರಾಗಿ ಹಿಟ್ಟು ಮುಗಿದಿದ್ದರೆ ಸಂಕೋಚ ಪಡದೆ ಹೇಳು. ಹೊಸ ಪ್ಲಾಂಟಿನಲ್ಲಿ ಮೆಷಿನ್ ಕೂರಿಸುವ ಕೆಲಸ ಮುಗಿದರೆ ಯುಗಾದಿಗೆ ಬಂದೇ ಬರುತ್ತಾನೆ ಎಂದು ನಿನ್ನಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾರೆ. ಅವರು ಚೆನ್ನಾಗಿದ್ದಾರೆ. ಕೋಸಿಗೆ ಹುಳ ಬಿದ್ದಿದೆ, ಗುಲಾಬಿ ಪರವಾಗಿಲ್ಲ. ನಿನ್ನ ಹೆಂಡತಿ ರಾಧಾಮಣಿಯೂ ಚೆನ್ನಾಗಿದ್ದಾಳೆ, ಅವಳಿಗೇನು. ಈ ಮನೆಯಲ್ಲಿ ಚೆನ್ನಾಗಿಲ್ಲದವಳು ನಾನೊಬ್ಬಳೇ.

ಫೋನಿರುವಾಗ ಕಾಗದ ಬರೆಯುವ ಹುಚ್ಚು ಅಮ್ಮನಿಗೆ ಯಾಕೆ ಹಿಡಿಯಿತು ಎಂದು ನಗಬೇಡ. ನನಗೆ ಕಿವಿ ಮಂದ ಎಂದು ರಾಧಾಮಣಿ ಫೋನನ್ನು ಸ್ಪೀಕರಿಗೆ ಹಾಕಿಯೇ ಕೊಡುತ್ತಾಳೆ. ಕೊಟ್ಟು ಅಲ್ಲೇ ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ. ಅವಳ ವಿಷಯವನ್ನು ಅವಳ ಎದುರಿಗೇ ಹೇಗೆ ಹೇಳಲಿ? ಅದಕ್ಕೇ ಹೋದ ಭಾನುವಾರ ಪಕ್ಕದ ಮನೆ ಮುನಿಶಾಮಿಯ ಫೋನಿನಿಂದ ಮಾತಾಡಿದ್ದು. ಅವನ ಎದುರಿಗೂ ಎಲ್ಲ ಹೇಳಲಾಗದೆ, “ರಾಧಾಮಣೀನ ನಿನ್ ಹತ್ರ ಕರುಸ್ಕೊಂಡ್ಬುಡು, ಯಾಕೆ ಅಂತ ಕಾಗ್ದ ಬರೀತೀನಿ” ಎಂದಷ್ಟೇ ಹೇಳಿದೆ. ಪಾಪ, ನೀನು ಮರುಮಾತಾಡದೆ ತಿಂಗಳ ಕೊನೆಗೆ ಕ್ವಾರ್ಟರ್ಸಿಗೆ ಅರ್ಜಿ ಹಾಕುತ್ತೇನೆ ಎಂದೆ. ಅವಳ ಕಂಪನಿಯಲ್ಲಿ ಡಿಸೆಂಬರಿಗೆ ಪರ್ಮನೆಂಟ್ ಮಾಡುತ್ತಾರಂತೆ, ಈಗ ಬಿಟ್ಟು ಬಂದರೆ ಅದು ಕೈತಪ್ಪುತ್ತದೆ ಎಂದು ನನಗೂ ಗೊತ್ತು. ಆದರೂ ಯಾಕೆ ಹೇಳುತ್ತಿದ್ದೇನೆ ಎನ್ನುವುದನ್ನು ಪೂರ್ತಿ ಓದು.

ನನ್ನ ಎದೆ ಉರಿ ಹೊಸದಲ್ಲ. ನೀನು ಐಟಿಐ ಓದುವಾಗಲೇ ಶುರುವಾಗಿದ್ದು. ಆಗ ಅಂಗಡಿಯ ಸೋಡಾ ಪುಡಿಯನ್ನು ನೀರಿಗೆ ಹಾಕಿ, ನೊರೆ ಇಳಿಯುವ ಮೊದಲೇ ಕುಡಿದರೆ ಎರಡು ತೇಗು ಬಂದು ಜೀವ ಹಗುರಾಗುತ್ತಿತ್ತು. ಈಗ ನನ್ನ ಹೊಟ್ಟೆ ಆ ಪುಡಿಗೆ ಮರ್ಯಾದೆ ಕೊಡುವುದನ್ನೇ ಬಿಟ್ಟಿದೆ. ಉಂಡ ಗಂಟೆಗೆಲ್ಲ ಎದೆಯ ನಡುವೆ ಕೆಂಡ ಇಟ್ಟ ಹಾಗೆ ಶುರುವಾಗುತ್ತದೆ. ಗುಲಾಬಿ ಸಾಲಿನಲ್ಲಿ ಬಗ್ಗಿ ಕಳೆ ಕಿತ್ತರೆ ಹುಳಿನೀರು ಗಂಟಲಿಗೇ ಬರುತ್ತದೆ. ಮೂರು ದಿಂಬು ಒಟ್ಟಿಕೊಂಡು, ಬಸ್ಸಿನಲ್ಲಿ ಕೂತವಳ ಹಾಗೆ ಮಲಗುತ್ತೇನೆ. ಗಣೇಶನ ಹಬ್ಬದ ದಿನ ಒಂದೇ ಒಂದು ಕಡುಬು ತಿಂದದ್ದಕ್ಕೆ (ನಿನ್ನಪ್ಪ ಮೂರು ಎನ್ನುತ್ತಾರೆ, ನಂಬಬೇಡ) ಎರಡು ದಿನ ಒದ್ದಾಡಿದೆ.

ಶ್ರಾವಣ ಹುಟ್ಟುತ್ತಲೇ ರಾಧಾಮಣಿ ಹಟ ಹಿಡಿದು ಹೊಸೂರಿಗೆ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅನುಮಾನ ಶುರುವಾದದ್ದು ಅಲ್ಲಿಯೇ. ತೂಕ ನೋಡಬೇಕು ಎಂದು ನನ್ನನ್ನು ಆಚೆ ಕಳಿಸಿ, ಒಳಗೆ ಅವರಿಬ್ಬರೇ ತಮಿಳಿನಲ್ಲಿ ಮಾತಾಡಿಕೊಂಡರು. ನನಗೆ ತಮಿಳು ಬರುವುದಿಲ್ಲವೇ? ಸಂತೆಯಲ್ಲಿ ಕೋಸು ಮಾರುವಷ್ಟು, ಬಸ್ಸಿನಲ್ಲಿ ಜಗಳ ಆಡುವಷ್ಟು ಧಾರಾಳವಾಗಿ ಬರುತ್ತದೆ. ಓದುವುದಕ್ಕೆ ಬಾರದು ಅಷ್ಟೇ. ನಾನು ಮಾಲೂರು ಕಡೆಯವಳು, ಏಳನೇ ಕ್ಲಾಸಿನವರೆಗೂ ಕನ್ನಡ ಶಾಲೆ. ನನ್ನ ಎದುರಿಗೇ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಆಚೆ ಬಂದ ಮೇಲೆ ಕೈಗೆ ಎರಡು ಔಷಧಿ ಕೊಟ್ಟಳು. ಒಂದು ಹಳದಿ ಬಣ್ಣದ ಸಣ್ಣ ಮಾತ್ರೆ, ಇನ್ನೊಂದು ಬಾಟ್ಲಿಯಲ್ಲಿ ಸುಣ್ಣದ ನೀರಿನಂಥ ಬಿಳಿ ಔಷಧಿ. ಮೊದಲ ಎರಡು ವಾರದ ಮಾತ್ರೆಯನ್ನು ದೊಡ್ಡ ಮೆಡಿಕಲ್ಸಿನಿಂದ ತಂದವಳು, ಆಮೇಲೆ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುವ ಅಂಗಡಿ ಇದೆ ಎಂದು ಬೇರೆ ಹೆಸರಿನ ಮಾತ್ರೆ ತಂದಳು. ಔಷಧಿ ಅದೇ ಆದರೆ ಹೆಸರು ಯಾಕೆ ಬೇರೆ? ಬೆಲೆ ಅರ್ಧವಾದರೆ ಒಳಗಿನ ಸತ್ವವೂ ಅರ್ಧ ಇರಬೇಕಲ್ಲವೇ? ಡಾಕ್ಟರಮ್ಮನನ್ನು ಕೇಳಿಯೇ ತಂದೆ ಎನ್ನುತ್ತಾಳೆ. ಕೇಳಿದ್ದನ್ನು ನಾನಂತೂ ನೋಡಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಂಗಡಿಯವನು ಮಾತ್ರೆಯನ್ನು ಒಂದು ಕವರಿಗೆ ಹಾಕಿ, ಅದರ ಮೇಲೆ ತಮಿಳಿನಲ್ಲಿ ಏನೋ ಬರೆದು ಕೊಟ್ಟಿದ್ದ. ನಿನ್ನ ಹೆಂಡತಿ ಅದನ್ನು ಒಲೆಗೆ ಹಾಕಿಬಿಟ್ಟಳು. ಹಳೆಯ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಅನ್ನದ ಅಂಟಿನಲ್ಲಿ ತಾನೇ ಒಂದು ಕವರು ಮಾಡಿ ಮಾತ್ರೆಯನ್ನು ಅದಕ್ಕೆ ತುಂಬಿದಳು. ಬೆಳಿಗ್ಗೆ ಐದೂವರೆಗೆಲ್ಲ ಕಂಪನಿ ಬಸ್ಸು ಹತ್ತುವವಳು, ನಾನು ಏಳುವಾಗ ಇರುವುದಿಲ್ಲವಲ್ಲ, ಹಾಗಾಗಿ “ಅತ್ತೆ, ನಾನು ಕನ್ನಡದಲ್ಲೇ ಬರ್ದಿದೀನಿ, ನೋಡ್ಕೊಂಡು ತಗೊಳ್ಳಿ” ಎಂದಳು. ತಮಿಳು ಶಾಲೆಯಲ್ಲಿ ಓದಿದವಳಿಗೆ ಕನ್ನಡ ಅಕ್ಷರ ನೀನು ಕಲಿಸಿದ್ದೇ. ಕೋಳಿ ಕೆದರಿದ ಹಾಗಿದ್ದರೂ ಓದಬಹುದು. ಕವರಿನ ಮೇಲೆ ‘ಬೆಳಿಗ್ಗೆ ಊಟದ ಮುಂದೆ’, ಬಾಟ್ಲಿಗೆ ಅಂಟಿಸಿದ ಚೀಟಿಯಲ್ಲಿ ‘ಊಟದ ಹಿಂದೆ’. ಅವಳು ಬರೆದ ಪ್ರಕಾರವೇ ಮೊದಲು ಬಾಟ್ಲಿಯ ಔಷಧಿ ಕುಡಿದು, ಆಮೇಲೆ ಹೊಟ್ಟೆ ತುಂಬ ಉಂಡು, ಎಲ್ಲ ಮುಗಿದ ಮೇಲೆ ಮಾತ್ರೆ ನುಂಗುತ್ತಾ ಬಂದಿದ್ದೇನೆ. ಆರು ವಾರದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಉರಿ ಮಾತ್ರ ಒಂದು ಎಳ್ಳಿನಷ್ಟೂ ಕಡಿಮೆಯಾಗಿಲ್ಲ. ಹಾಗಾದರೆ ಆ ಕವರಿನೊಳಗಿರುವುದು ಡಾಕ್ಟರಮ್ಮ ಬರೆದ ಮಾತ್ರೆಯೇ ಹೌದೋ ಅಲ್ಲವೋ, ನೀನೇ ಹೇಳು.

ರಜೆಯ ದಿನ ಅವಳು ಮನೆಯಲ್ಲಿದ್ದರೂ ಅವಳ ಎದುರಿಗೆ ನಾನು ಮಾತ್ರೆ ನುಂಗುವುದಿಲ್ಲ. ಹಿತ್ತಲಿಗೆ ಹೋಗಿ, ಬಿಸಿಲಿಗೆ ಹಿಡಿದು, ಹಿಂದಿನ ದಿನದ ಬಣ್ಣವೇ ಇದೆಯೇ ಎಂದು ನೋಡಿಯೇ ಬಾಯಿಗೆ ಹಾಕಿಕೊಳ್ಳುವುದು. ನಿನ್ನಪ್ಪ ಅದನ್ನು ಕಂಡು, “ಅದೇನ್ ಚಿನ್ನದ್ ಕಾಸಾ, ತಿರುಗ್ಸಿ ತಿರುಗ್ಸಿ ನೋಡಾಕೆ? ನುಂಗತ್ಲಾಗೆ” ಎಂದು ರೇಗುತ್ತಾರೆ. ಅವರಿಗೇನು, ಕಲ್ಲು ತಿಂದರೂ ಕರಗಿಸುವ ಹೊಟ್ಟೆ. ನನ್ನ ಕಾಫಿಯನ್ನೂ ನಿಲ್ಲಿಸಿದ್ದಾಳೆ ನಿನ್ನ ಹೆಂಡತಿ. ಸಾರಿಗೆ ಖಾರ ಇಲ್ಲ, ಹುಳಿ ಇಲ್ಲ. ರಾತ್ರಿ ಊಟ ಏಳು ಗಂಟೆಗೇ ಮುಗಿಯಬೇಕಂತೆ. ಡಾಕ್ಟರಮ್ಮನ ಅಪ್ಪಣೆ ಎನ್ನುತ್ತಾಳೆ. ತೂಕದ ಮೆಷಿನ್ ಮೇಲೆ ನಾನು ನಿಂತಿದ್ದಾಗ ಕೊಟ್ಟ ಅಪ್ಪಣೆಯಿರಬೇಕು. ಹೋದ ವಾರ ಮತ್ತೆ ತೋರಿಸಿದಾಗ, ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಇವಳು “ಆಮಾ ಮೇಡಂ” ಎಂದು ಹೂಂಗುಟ್ಟಿಬಿಟ್ಟಳು. ಇಷ್ಟು ದಿನಕ್ಕೆ ಕಡಿಮೆಯಾಗಬೇಕಿತ್ತಲ್ಲ ಎಂದು ಅವರು ಹಣೆ ಗಂಟಿಕ್ಕಿದರು. ಬರುವ ಸೋಮವಾರದವರೆಗೆ ನೋಡಿ, ಇನ್ನೂ ಬಲವಾದ ಮಾತ್ರೆಗೆ ಬದಲಾಯಿಸಬೇಕಾಗುತ್ತದೆ, ಗಂಟಲಿನಿಂದ ಹೊಟ್ಟೆಗೆ ಟ್ಯೂಬು ಬಿಟ್ಟು ನೋಡಬೇಕಾಗುತ್ತದೆ ಎಂದರು.

ಹರಿ, ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಭಯವಾಗುತ್ತಿದೆ. ನಿಮ್ಮಜ್ಜಿ ಕೊಂಡಮ್ಮನೂ ಎದೆ ಉರಿ, ಎದೆ ಉರಿ ಎಂದೇ ಶುರುಮಾಡಿದ್ದು. ಕೋಲಾರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ನೀರೂ ಇಳಿಯುತ್ತಿರಲಿಲ್ಲ. ಟ್ಯೂಬಿನ ಮಾತು ಬಂದಾಗಿನಿಂದ ಅಮ್ಮನ ಮುಖವೇ ಕಣ್ಣೆದುರು ಬರುತ್ತದೆ. ಈ ನಡುವೆ ಡೆಂಕಣಿಕೋಟೆಯಿಂದ ಹನುಮಯ್ಯ ಬಂದಿದ್ದ. ಬೇರು, ನಾರು ಕುಟ್ಟಿ ಚೂರ್ಣ ಮಾಡುತ್ತಾನಲ್ಲ, ಅವನೇ. “ಇಂಗ್ಲೀಷ್ ಮಾತ್ರೆ ಎಲ್ಲಾ ಬಿಟ್ಬುಡವ್ವ, ಒಂದ್ ತಿಂಗ್ಳು ನನ್ ಪುಡಿ ತಗೋ, ಉರಿ ಎತ್ಲಾಗ್ ಹೋಯ್ತು ಅಂತ ಹುಡುಕ್ಬೇಕು” ಎಂದ. ಆ ಪುಡಿಯಲ್ಲಿ ಏನೇನಿದೆ ಎಂದು ಕೇಳಿದರೆ ಗುಟ್ಟು ಎನ್ನುತ್ತಾನೆ. ಅದಕ್ಕೇ ಅವನ ಮೇಲೂ ಪೂರ್ತಿ ನಂಬಿಕೆಯಿಲ್ಲ. ಈ ಹಳದಿ ಮಾತ್ರೆಯನ್ನೇ ಮುಂದುವರಿಸಲೋ, ಬಲವಾದದ್ದಕ್ಕೆ ಒಪ್ಪಿಕೊಳ್ಳಲೋ, ಎಲ್ಲ ಬಿಟ್ಟು ಹನುಮಯ್ಯನ ಪುಡಿ ಹಿಡಿಯಲೋ, ನೀನೇ ಹೇಳು. ಯಾವುದನ್ನು ಆರಿಸಿದರೂ ಅದು ಇನ್ನು ನಿನ್ನ ಹೆಂಡತಿಯ ಕೈಯಿಂದ ಬರುವುದು ಬೇಡ. ಅವಳನ್ನು ಕರೆಸಿಕೋ ಎಂದದ್ದು ಅದಕ್ಕೇ. ಆಧಾರ ಇರಲಿ ಎಂದು ಆ ಕ್ಯಾಲೆಂಡರ್ ಕವರನ್ನೂ ಬಾಟ್ಲಿಯ ಚೀಟಿಯನ್ನೂ ಕಿತ್ತು ಇದರ ಜೊತೆಗಿಡುತ್ತಿದ್ದೇನೆ. ಮಾತ್ರೆಗಳನ್ನು ಸಕ್ಕರೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

ಮುನಿಶಾಮಿ ನಾಳೆ ಹೊಸೂರಿನಲ್ಲಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಎಂದಿದ್ದಾನೆ. ಕವರನ್ನು ಅನ್ನದ ಅಂಟು ಹಾಕದೆ ಗೋಂದಿನಲ್ಲೇ ಅಂಟಿಸುತ್ತೇನೆ, ಯಾರಾದರೂ ಬಿಚ್ಚಿದ್ದರೆ ನಿನಗೆ ತಿಳಿಯುತ್ತದೆ. ಅಲ್ಲಿ ಚಳಿ ಶುರುವಾಗುವ ಮೊದಲೇ ಸ್ವೆಟರ್ ಕೊಂಡುಕೋ. ಹೊತ್ತಿಗೆ ಸರಿಯಾಗಿ ಉಣ್ಣು, ನನ್ನ ಹೊಟ್ಟೆ ನಿನಗೆ ಬರುವುದು ಬೇಡ. ನಿನ್ನಪ್ಪನ ಆಶೀರ್ವಾದವನ್ನೂ ಸೇರಿಸಿ ಬರೆದಿದ್ದೇನೆ ಎಂದು ತಿಳಿದುಕೋ, ಅವರನ್ನು ಕೇಳಿದರೆ ಏನು ಬರೆಯುತ್ತಿದ್ದೀಯ, ತೋರಿಸು ಎನ್ನುತ್ತಾರೆ.

ಇಂತಿ ನಿನ್ನ ಅಮ್ಮ,
ನಾಗವೇಣಿ

ತಾ.ಕ. (17 ಸೆಪ್ಟೆಂಬರ್, ಬುಧವಾರ)

ಹರಿ, ಮುನಿಶಾಮಿ ಗಾಡಿ ಸ್ಟಾರ್ಟ್ ಮಾಡಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಒಂದು ವಾರ ನನ್ನ ಟ್ರಂಕಿನಲ್ಲೇ ಉಳಿಯಿತು. ಇದನ್ನು ಬರೆದ ಸಾಯಂಕಾಲವೇ ರಾಧಾಮಣಿ ಬಂದು, “ಕವರ್ ಎಲ್ಲಿ ಅತ್ತೆ? ನಾಳೆ ಹೆಂಗ್ ತಗೋತೀರಾ?” ಎಂದಳು. ಸಿಕ್ಕಿಬಿದ್ದೆನಲ್ಲ ಎಂದು ಜೋರು ಮಾಡಿದೆ. “ಆರು ವಾರದಿಂದ ನುಂಗ್ತಾ ಇವ್ನಿ, ಬಾಯ್ಪಾಠ ಆಗ್ಬುಟ್ಟದೆ. ಬಾಟ್ಲೀದು ಉಣ್ಣಾಕ್ ಮುಂಚೆ, ಮಾತ್ರೆ ಉಂಡಾದ್ಮೇಲೆ” ಎಂದೆ. ಅವಳು ಊಟದ ಡಬ್ಬಿಯನ್ನು ಅಲ್ಲೇ ಕುಕ್ಕಿ, “ಅಯ್ಯೋ ಅತ್ತೆ, ಮಾತ್ರೆ ಸಾಪ್ಪಾಟುಕ್ಕು ಮುನ್ನಾಡಿ!” ಎಂದು ಕೂಗಿದಳು.

ತಮಿಳಿನಲ್ಲಿ ಹೇಳಿದ ತಕ್ಷಣ ಅರ್ಥವಾಯಿತು ನೋಡು. ಸಾಪ್ಪಾಟು ಎಂದರೆ ಊಟ, ಮುನ್ನಾಡಿ ಎಂದರೆ ಮುಂಚೆ, ಪಿನ್ನಾಡಿ ಎಂದರೆ ಆಮೇಲೆ. ಅದನ್ನೇ ಕನ್ನಡ ಮಾಡಲು ಹೋಗಿ ‘ಮುಂದೆ’ ಎಂದು ಬರೆದಿದ್ದಾಳೆ, ಪಿನ್ನಾಡಿಯನ್ನು ‘ಹಿಂದೆ’ ಎಂದು. ನಮಗೆ ಮುಂದಿನ ವಾರ ಎಂದರೆ ಬರುವ ವಾರ, ಹಿಂದಿನ ವಾರ ಎಂದರೆ ಹೋದ ವಾರ. ನಾನು ಹಾಗೆಯೇ ಓದಿಕೊಂಡೆ. ಆರು ವಾರ ಎರಡನ್ನೂ ತಲೆಕೆಳಗಾಗಿ ತೆಗೆದುಕೊಂಡಿದ್ದೇನೆ. ಅಕ್ಷರ ಕಲಿಸಿದ ಮಹರಾಯ, ಅರ್ಥ ಕಲಿಸಲು ನಿನಗೇನಾಗಿತ್ತು? ಹಿತ್ತಲಿಗೆ ಹೋಗಿ ಕದ್ದು ನುಂಗದೆ ಅವಳ ಎದುರಿಗೆ ಒಂದೇ ಒಂದು ದಿನ ನುಂಗಿದ್ದರೂ ಗೊತ್ತಾಗುತ್ತಿತ್ತು. “ಕನ್ನಡದಲ್ಲಿ ಬರ್ದಿದ್ದೇ ತಪ್ಪಾಯ್ತಾ ಅತ್ತೆ?” ಎಂದು ಅವಳು ಅತ್ತುಬಿಟ್ಟಳು. ನನಗೆ ನಾಚಿಕೆಯಾಗಿ ಮುಖ ಎತ್ತಲಾಗಲಿಲ್ಲ.

ಗುರುವಾರದಿಂದ ಎದ್ದ ಕೂಡಲೇ ಬರಿಹೊಟ್ಟೆಗೆ ಮಾತ್ರೆ, ಅರ್ಧ ಗಂಟೆ ಬಿಟ್ಟು ತಿಂಡಿ, ಉಂಡ ಮೇಲೆ ಬಾಟ್ಲಿ. ಮೂರು ದಿಂಬಿನಲ್ಲಿ ಎರಡನ್ನು ಅಟ್ಟಕ್ಕೆ ಹಾಕಿದ್ದೇನೆ. ಸೋಮವಾರ ಡಾಕ್ಟರಮ್ಮ ನನ್ನನ್ನೇ ಎದುರಿಗೆ ಕೂರಿಸಿಕೊಂಡು ಎಲ್ಲ ಕೇಳಿ, ಬಲವಾದ ಮಾತ್ರೆ ಬೇಡ, ಇದನ್ನೇ ಸರಿಯಾಗಿ ಒಂದು ತಿಂಗಳು ತೆಗೆದುಕೊಂಡು ಬನ್ನಿ, ಟ್ಯೂಬಿನ ಮಾತು ಆಮೇಲೆ ನೋಡೋಣ ಎಂದರು. ಕಡಿಮೆ ಬೆಲೆಯದೂ ಅದೇ ಔಷಧಿಯಂತೆ. ಅದರ ಮೇಲೆ ನನಗೆ ಈಗಲೂ ಸ್ವಲ್ಪ ಅನುಮಾನ ಇದೆ, ಇರಲಿ. ಹನುಮಯ್ಯನ ಪುಡಿ ಬೇಡವೇ ಬೇಡ.

ಕಾಗದವನ್ನು ಹರಿದು ಹಾಕೋಣ ಎಂದುಕೊಂಡೆ. ಆದರೆ ಕರೆಸಿಕೋ ಎಂದವಳು ಯಾಕೆ ಎಂದಿದ್ದೆ ಎಂದು ಹೇಳದಿದ್ದರೆ ನಿನ್ನ ತಲೆಯಲ್ಲಿ ಅವಳ ಮೇಲೆ ಇಲ್ಲದ್ದೊಂದು ಕೂತುಬಿಡುತ್ತದೆ. ಕ್ವಾರ್ಟರ್ಸಿಗೆ ಅರ್ಜಿ ಹಾಕಬೇಡ. ಹಾಕಿದ್ದರೆ ವಾಪಸು ತೆಗೆದುಕೋ. ಅವಳು ಇಲ್ಲೇ ಇರಲಿ, ನನಗೆ ಬೇಕು. ನಾನು ಹಾಗೆ ಹೇಳಿದ್ದೆ ಎಂದು ಅವಳಿಗೆ ಎಂದೂ ಹೇಳಬೇಡ.

ಇದನ್ನು ಆ ಕ್ಯಾಲೆಂಡರ್ ಕವರನ್ನು ಬಿಡಿಸಿ ಅದರ ಮೇಲೆಯೇ ಬರೆಯುತ್ತಿದ್ದೇನೆ. ಬಿಡಿಸಿದಾಗ ಒಳಮೈಯಲ್ಲಿ ತಾರೀಖುಗಳ ಸಂದಿಯಲ್ಲೆಲ್ಲ ಪೆನ್ಸಿಲಿನಲ್ಲಿ ‘ಊ’ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ ಅಭ್ಯಾಸ ಮಾಡಿರುವುದು ಕಾಣಿಸಿತು. ಹುಷಾರಾಗಿ ಎತ್ತಿಟ್ಟುಕೋ. ಇದನ್ನು ಮಡಚಿ ಎಲ್ಲಕ್ಕಿಂತ ಮೇಲಿಟ್ಟಿದ್ದೇನೆ, ಕಾಗದದ ‘ಮುಂದೆ’ ಓದು. ನನ್ನ ‘ಮುಂದೆ’ ಅಲ್ಲ, ರಾಧಾಮಣಿಯ ‘ಮುಂದೆ’.